ಬ್ರೇಕ್ ಪೆಡಲ್ ಗಟ್ಟಿಯಾದರೆ ಬೂಸ್ಟರ್ ಕೊಳ್ಳುವ ಮೊದಲು

ಪ್ರಶ್ನೆ: ನನ್ನ ಹಳೆಯ ಪೆಟ್ರೋಲ್ ಕಾರಿನ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದೆ. ಬೂಸ್ಟರ್ (ಎಂಜಿನ್ನಿನ ನಿರ್ವಾತದ ಎಳೆತದಿಂದ ಕಾಲಿನ ಬಲ ಹೆಚ್ಚಿಸುವ ಡಬ್ಬಿ) ಹೋಗಿದೆ, ಹೊಸದು ಹಾಕಿಸಿ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತದೆ. ಪರೀಕ್ಷೆ ಮಾಡಿ ನೋಡಿದೆವು ಎಂದು ಮಾತ್ರ ಯಾರೂ ಬರೆಯುವುದಿಲ್ಲ. ಸ್ಪ್ಯಾನರ್ ಕೂಡ ಬೇಡದ ಕೆಲಸವದು. ಎಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಬಾರಿ ತುಳಿಯಿರಿ. ಒಳಗೆ ಉಳಿದ ನಿರ್ವಾತ ಮುಗಿದು ಪೆಡಲ್ ಬಿಗಿಯಾಗುತ್ತದೆ. ಕಾಲು ತೆಗೆಯದೆ ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ; ಆಗ ಹುಡುಕಬೇಕಾದದ್ದು ಸವೆದು ಹೊಳಪುಗಟ್ಟಿದ ಪ್ಯಾಡ್, ಬಿಗಿದು ಹಿಡಿದುಕೊಂಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ).

ಇಳಿಯಲಿಲ್ಲವೇ? ಆಗಲೂ ಬೂಸ್ಟರ್ ಬಿಚ್ಚಬೇಡಿ. ಬೂಸ್ಟರ್‌ಗೆ ಸೇರುವ ವ್ಯಾಕ್ಯೂಮ್ ಪೈಪನ್ನು ಕಳಚಿ, ಆಕ್ಸಿಲರೇಟರ್ ಒತ್ತದೆ ಎಂಜಿನ್ ಐಡಲ್‌ನಲ್ಲಿರುವಾಗ ಅದರ ಬಾಯಿಗೆ ಬೆರಳಿಡಿ. ಬೆರಳನ್ನು ಬಲವಾಗಿ ಎಳೆಯದಿದ್ದರೆ ತಪ್ಪು ಬೂಸ್ಟರಿನದಲ್ಲ. ಹಳೆಯ ಪೈಪ್ ಕ್ಲಿಪ್ಪಿನ ಅಡಿಯಲ್ಲಿ, ತಿರುವಿನಲ್ಲಿ ಸೀಳುತ್ತದೆ. ಕೆಲವೊಮ್ಮೆ ಹೊರಗೆ ಚೆನ್ನಾಗಿಯೇ ಕಂಡು, ಒಳಪದರ ಉಬ್ಬಿ ದಾರಿ ಮುಚ್ಚಿರುತ್ತದೆ. ಅದರ ಜಾಗದಲ್ಲಿ ಪೆಟ್ರೋಲ್ ಪೈಪ್ ಸಿಕ್ಕಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ: ನಿರ್ವಾತದ ಎಳೆತಕ್ಕೆಂದು ಮಾಡದ ಪೈಪ್ ಒಳಕ್ಕೆ ಕುಸಿದು ಚಪ್ಪಟೆಯಾಗಬಹುದು. ಡೀಸೆಲ್ ಕಾರಾದರೆ ನಿರ್ವಾತ ಒದಗಿಸುವ ವ್ಯಾಕ್ಯೂಮ್ ಪಂಪನ್ನು ಮೊದಲು ನೋಡಿ.

ಎಳೆತ ಸರಿಯಿದ್ದರೆ ಮುಂದಿನದು ಬೂಸ್ಟರಿನ ಪೈಪಿನ ದಾರಿಯಲ್ಲಿರುವ ಒಮ್ಮುಖ ವಾಲ್ವ್. ಕಳಚಿ ಬಾಯಿಂದ ಊದಿ. ಒಂದು ಕಡೆಯಿಂದ ಮಾತ್ರ ಗಾಳಿ ಹೋಗಬೇಕು. ಎರಡೂ ಕಡೆ ಹೋದರೆ, ಅಥವಾ ಎರಡೂ ಕಡೆ ಕಟ್ಟಿದ್ದರೆ ವಾಲ್ವ್ ಬದಲಿಸಿ, ಮತ್ತೆ ತುಳಿದು ನೋಡಿ.

ಇಷ್ಟರ ಮೇಲೂ ಪೆಡಲ್ ತುಳಿದಾಗ ಕಾಲ ಬಳಿ ಬುಸುಗುಡುವ ಸದ್ದು ನಿಲ್ಲದೆ, ಐಡಲ್ ಏರುಪೇರಾದರೆ ಬೂಸ್ಟರಿನೊಳಗಿನ ರಬ್ಬರ್ ಪರದೆ, ಅಂದರೆ ಡಯಾಫ್ರಮ್, ಹರಿದಿರಬೇಕು. ಆಗ ಬೂಸ್ಟರ್ ಬದಲಿಸಿ. ಬಿಚ್ಚಿದಾಗ ಬ್ರೇಕ್ ದ್ರವವನ್ನು ಚಕ್ರಗಳತ್ತ ಒತ್ತುವ ಮಾಸ್ಟರ್ ಸಿಲಿಂಡರಿನ ಹಿಂಬದಿ ಮುಟ್ಟಿ ನೋಡಿ. ಅಲ್ಲಿ ಒದ್ದೆಯಿದ್ದರೆ ಅದರ ಸೀಲ್ ಹೋಗಿ ಬ್ರೇಕ್ ದ್ರವ ಬೂಸ್ಟರಿನೊಳಗೆ ಸೋರಿದೆ. ಅದನ್ನು ಸರಿಪಡಿಸದಿದ್ದರೆ ಹೊಸದೂ ಹಾಳಾಗುತ್ತದೆ. ನೆಲಕ್ಕೆ ತೊಟ್ಟೂ ಬೀಳದೆ ದ್ರವದ ಮಟ್ಟ ಇಳಿಯುತ್ತಿದ್ದರೂ ಇಲ್ಲಿಯೇ ಅನುಮಾನ. ಬೂಸ್ಟರ್ ಸೀಳಿ ರಬ್ಬರಿಗೆ ತೇಪೆ ಹಾಕಿಕೊಡುವೆವು ಎನ್ನುವವರ ಕೈಗೆ ಕಾರು ಕೊಡಬೇಡಿ. ದುರಸ್ತಿಯಾಗುವವರೆಗೆ ಓಡಿಸಲೂ ಬೇಡಿ: ಬೂಸ್ಟರ್ ಇಲ್ಲದೆ ಬ್ರೇಕ್ ಹಿಡಿಯುತ್ತದೆ ನಿಜ, ಆದರೆ ಎಷ್ಟೋ ಪಟ್ಟು ಹೆಚ್ಚು ಬಲ ಬೇಕು. ಮಗು ರಸ್ತೆಗೆ ಅಡ್ಡ ಬಂದ ಕ್ಷಣದಲ್ಲಿ ಆ ಬಲ ಎಲ್ಲರ ಕಾಲಿಗೂ ಒದಗುವುದಿಲ್ಲ.

ಪ್ರಶ್ನೆ: ಹ್ಯಾಲೊಜನ್ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಹಾಕುವುದು ಕಾನೂನುಬದ್ಧವೇ? ಪೊಟ್ಟಣದ ಮೇಲೆ ಮಾನ್ಯತೆ ಸೂಚಿಸುವ ‘ಇ’ ಗುರುತಿದೆ.

ಉತ್ತರ: ಬಹಳಷ್ಟು ದೇಶಗಳಲ್ಲಿ ಅಲ್ಲ. ದೀಪಕ್ಕೆ ಮಾನ್ಯತೆ ಸಿಗುವುದು ಅದಕ್ಕೆ ನಿಗದಿಯಾದ ಬಲ್ಬಿನೊಂದಿಗೆ. ಪೊಟ್ಟಣದ ಮೇಲಿನ ಅಕ್ಷರ ಅದನ್ನು ಬದಲಿಸುವುದಿಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ಇದೆ, ಅದೂ ಪಟ್ಟಿಯಲ್ಲಿರುವ ಕಾರುಗಳಿಗಷ್ಟೇ. ಹಳೆಯ ಕಾರಿನ ದೀಪ ಮಂಕಾಗಿದ್ದರೆ ಬಲ್ಬಿನ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಸವೆದ ವೈರು, ಸ್ವಿಚ್ಚುಗಳಲ್ಲಿ ಶೇ 10ರಷ್ಟು ವೋಲ್ಟೇಜ್ ಸೋರಿದರೆ ಬೆಳಕು ಸುಮಾರು ಶೇ 30ರಷ್ಟು ಕುಗ್ಗುತ್ತದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್) ಹಾಕಿ ದಪ್ಪ ವೈರು ಎಳೆಸಿ, ಅದೇ 60/55 ವ್ಯಾಟ್ (ಹೈ/ಲೋ ಬೀಮ್) ಹ್ಯಾಲೊಜನ್ ಬಲ್ಬ್ ಇರಲಿ.

ಪ್ರಶ್ನೆ: 100 ವ್ಯಾಟ್ ಬಲ್ಬ್ ಹಾಕಿದರೆ?

ಉತ್ತರ: ಬೇಡ, ಹೋಲ್ಡರ್ ಕರಗುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ.