ಜ್ವರ ಬಿಟ್ಟ ಮೇಲೂ ವಿಡಾಲ್ ವರದಿಯಲ್ಲಿ 1:160 ಏಕೆ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಜ್ವರ ಬಂದ ಮೂರನೆಯ ದಿನ ಮಾಡಿಸಿದ ವಿಡಾಲ್ ಪರೀಕ್ಷೆಯಲ್ಲಿ ‘ಓ’ 1:80, ‘ಎಚ್’ 1:160 ಎಂದು ಬಂದುದರಿಂದ ಟೈಫಾಯ್ಡ್ ಎಂದು ಹೇಳಿ ಎರಡು ವಾರ ಆಂಟಿಬಯಾಟಿಕ್ ಕೊಟ್ಟರು. ಈಗ ಜ್ವರವಿಲ್ಲ, ಊಟವೂ ಸೇರುತ್ತಿದೆ. ಆದರೆ ಮತ್ತೆ ಪರೀಕ್ಷಿಸಿದಾಗಲೂ ‘ಎಚ್’ 1:160 ಎಂದೇ ಇದೆ. ಔಷಧ ಮುಂದುವರಿಸಬೇಕೆ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮಗಳಿಗೆ ಜ್ವರವಿಲ್ಲದೆ, ಹಸಿವು ಮರಳಿದ್ದರೆ, ಈ ಒಂದು ಸಂಖ್ಯೆಗಾಗಿ ಔಷಧ ಮುಂದುವರಿಸಬೇಕಾಗಿಲ್ಲ. ವಿಡಾಲ್ ಪರೀಕ್ಷೆ ಟೈಫಾಯ್ಡ್ ರೋಗಾಣುವನ್ನು ಹುಡುಕುವುದಿಲ್ಲ. ಅದರ ವಿರುದ್ಧ ದೇಹ ತಯಾರಿಸಿಕೊಂಡ ಪ್ರತಿಕಾಯಗಳನ್ನಷ್ಟೇ ಅಳೆಯುತ್ತದೆ. ರೋಗಾಣು ನಾಶವಾದ ಮೇಲೂ ಈ ಪ್ರತಿಕಾಯಗಳು, ಅದರಲ್ಲೂ ‘ಎಚ್’ ಬಗೆಯವು (‘ಓ’ ಎಂದರೆ ರೋಗಾಣುವಿನ ಹೊರಕವಚದ ವಿರುದ್ಧದವು, ‘ಎಚ್’ ಎಂದರೆ ಅದರ ಬಾಲದಂತಹ ಎಳೆಗಳ ವಿರುದ್ಧದವು), ಬಹುಕಾಲ ರಕ್ತದಲ್ಲಿ ಉಳಿಯುತ್ತವೆ. ಆದ್ದರಿಂದ ರೋಗ ವಾಸಿಯಾಯಿತೇ ಎಂದು ತಿಳಿಯಲು ಈ ಪರೀಕ್ಷೆಯನ್ನು ಮತ್ತೆ ಮಾಡಿಸುವುದರಿಂದ ಪ್ರಯೋಜನವಿಲ್ಲ.

ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವಾದ ಸೀರಮ್ಮನ್ನು 20, 40, 80, 160, 320 ಪಟ್ಟು ಹೀಗೆ ಹಂತಹಂತವಾಗಿ ತೆಳುಮಾಡಿ, ಪ್ರತಿ ಕೊಳವೆಗೂ ನಿರ್ಜೀವ ರೋಗಾಣುಗಳ ದ್ರಾವಣ ಬೆರೆಸಿದಾಗ, ಅವು ಒಂದಕ್ಕೊಂದು ಅಂಟಿ ಗಂಟುಕಟ್ಟುವ ಕೊನೆಯ ಕೊಳವೆ ಯಾವುದೋ ಅದೇ ವರದಿಯಲ್ಲಿ ಬರೆಯುವ ಸಂಖ್ಯೆ. 80ಕ್ಕೂ 160ಕ್ಕೂ ಇರುವುದು ಒಂದೇ ಕೊಳವೆಯ ಅಂತರ. ಅದೇ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿದರೂ ಅಷ್ಟು ವ್ಯತ್ಯಾಸ ಬರಬಹುದು.

ನನಗೆ ಹೆಚ್ಚು ಕಳವಳ ತಂದದ್ದು ಮೂರನೆಯ ದಿನದ ಪರೀಕ್ಷೆ. ಟೈಫಾಯ್ಡ್‌ನಲ್ಲಿ ಪ್ರತಿಕಾಯಗಳು ಅಳತೆಗೆ ಸಿಗುವಷ್ಟಾಗಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು. ಹಾಗಾಗಿ ಅಂದು ಕಂಡದ್ದು ಹಿಂದಿನ ಯಾವುದೋ ಸೋಂಕಿನದ್ದಾಗಿರಬಹುದು. ಮಲೇರಿಯಾದಂತಹ ಬೇರೆ ಜ್ವರಗಳಲ್ಲಿಯೂ ವಿಡಾಲ್ ‘ಪಾಸಿಟಿವ್’ ಬರುವುದುಂಟು. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂತಹ ಪ್ರದೇಶಗಳಲ್ಲಿ ಆರೋಗ್ಯವಂತರ ರಕ್ತದಲ್ಲಿಯೂ ಇಷ್ಟು ಪ್ರಮಾಣ ಕಾಣಬಹುದು. ಹತ್ತು-ಹದಿನಾಲ್ಕು ದಿನಗಳ ಅಂತರದಲ್ಲಿ ತೆಗೆದ ಎರಡು ಮಾದರಿಗಳ ನಡುವೆ ಪ್ರಮಾಣ ನಾಲ್ಕು ಪಟ್ಟು, ಅಂದರೆ 1:80ರಿಂದ 1:320ಕ್ಕೆ, ಏರಿದ್ದರೆ ಮಾತ್ರ ಅದಕ್ಕೆ ತೂಕವಿದೆ. ನಿಮ್ಮ ಮಗಳಲ್ಲಿ ‘ಎಚ್’ ಏರಿಯೇ ಇಲ್ಲ. ಆಂಟಿಬಯಾಟಿಕ್ ಆರಂಭಿಸುವ ಮೊದಲೇ ರಕ್ತದ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸಿದ್ದರೆ ಅಂದು ಬಂದದ್ದು ಟೈಫಾಯ್ಡ್ ಹೌದೇ ಎಂಬುದು ಹೆಚ್ಚು ಖಚಿತವಾಗಿ ತಿಳಿಯುತ್ತಿತ್ತು, ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ ಎಂಬುದೂ ಗೊತ್ತಾಗುತ್ತಿತ್ತು.

ಔಷಧ ನಿಲ್ಲಿಸಿದ ಕೆಲವು ವಾರಗಳಲ್ಲಿ ಟೈಫಾಯ್ಡ್ ಮರುಕಳಿಸುವ ಸಾಧ್ಯತೆಯಿದೆ. ಜ್ವರ ಮತ್ತೆ ಬಂದರೆ ಮನೆಯಲ್ಲಿ ಉಳಿದ ಮಾತ್ರೆ ಕೊಡದೆ ವೈದ್ಯರನ್ನು ಕಂಡು, ಮೊದಲು ಕಲ್ಚರ್‌ಗೆ ರಕ್ತ ಕೊಡಿಸಿ. ತೀವ್ರ ಹೊಟ್ಟೆನೋವು ಅಥವಾ ಕಪ್ಪು ಮಲ ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.