ಮಾರುವವರು ಸೂಚಿಸಿದ ಸರ್ವೇಯರ್ ಬೇಡ

ಹಳೆಯ ಫೈಬರ್‌ಗ್ಲಾಸ್ ದೋಣಿ ಕೊಳ್ಳುತ್ತಿದ್ದೇನೆ, ಮಾರುವವರೇ ಒಬ್ಬ ಸರ್ವೇಯರ್ (ದೋಣಿ ಪರೀಕ್ಷಿಸಿ ವರದಿ ಕೊಡುವವರು) ಹೆಸರು ಕೊಟ್ಟಿದ್ದಾರೆ, ಅವರನ್ನೇ ಕರೆಸಬಹುದಾ ಎಂದು ಕೇಳಿದ್ದೀರಿ. ಬೇಡ. ಅವರು ಒಳ್ಳೆಯವರೇ ಇರಬಹುದು. ಆದರೆ ದುಡ್ಡು ಕೊಡುವವರು ನೀವು, ಆಯ್ಕೆಯೂ ನಿಮ್ಮದೇ ಆಗಿರಬೇಕು ಅಲ್ವಾ?

ಮೊದಲು ವಿಮೆ ಕಂಪನಿಗೆ ಫೋನ್ ಮಾಡಿ, ಯಾರ ವರದಿ ಒಪ್ಪುತ್ತೀರಿ ಎಂದು ಕೇಳಿ. ಐಐಎಂಎಸ್, ಎಸ್‌ಎಎಂಎಸ್‌ನಂಥ ಸರ್ವೇಯರ್ ಸಂಘಗಳ ಸದಸ್ಯರನ್ನು ಆನ್‌ಲೈನ್‌ನಲ್ಲೇ ಹುಡುಕಬಹುದು. ಹೆಸರು ಸಿಕ್ಕ ಮೇಲೆ ಅವರ ಹಳೆಯ ವರದಿಯ ಮಾದರಿ ಒಂದನ್ನು ಕೇಳಿ. ನಾನು ಮುಖ್ಯವಾಗಿ ನೋಡುವುದು ಇದನ್ನೇ. "ತಳ ಚೆನ್ನಾಗಿದೆ" ಎಂದಷ್ಟೇ ಬರೆದಿದ್ದರೆ ಆ ಕಾಗದ ಸುಮ್ನೆ ದಂಡ. ಎಲ್ಲಿ ಸುತ್ತಿಗೆಯಿಂದ ತಟ್ಟಿದರು, ಎಲ್ಲಿ ಟೊಳ್ಳು ಸದ್ದು ಬಂತು, ತೇವದ ಮೀಟರ್ ಏನು ತೋರಿಸಿತು, ಎಲ್ಲ ಫೋಟೋ ಸಮೇತ ಇರಬೇಕು. ನೀರಿನಿಂದ ಈಗಷ್ಟೇ ಮೇಲೆತ್ತಿದ ದೋಣಿಯಲ್ಲಿ ಮೀಟರ್ ಜಾಸ್ತಿ ತೋರಿಸಬಹುದು. ತಳಕ್ಕೆ ಬಳಿದ ತಾಮ್ರದ ಪೇಂಟ್ ಕೂಡ ಲೆಕ್ಕ ತಪ್ಪಿಸುತ್ತದೆ. ಇದನ್ನು ಹೇಳದೆ ಬರೀ ಅಂಕಿ ಬರೆಯುವವರ ಮೇಲೆ ನನಗೆ ನಂಬಿಕೆಯಿಲ್ಲ.

ಎಂಜಿನ್‌ಗೆ ಬೇರೆ ಮೆಕ್ಯಾನಿಕ್ ಬೇಕು. ಸರ್ವೇಯರ್‌ಗಳು ಸಾಮಾನ್ಯವಾಗಿ ಅದನ್ನು ಬಿಚ್ಚುವುದಿಲ್ಲ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಬಿಸಿಯಿದ್ದರೆ ಸ್ಟಾರ್ಟ್ ಆಗುವ ತೊಂದರೆ ಕಾಣದೆ ಹೋಗಬಹುದು. ಒಮ್ಮೆ ನಾನು ನೋಡಲು ಹೋದಾಗ ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರು, ವಾಪಸ್ ಬಂದುಬಿಟ್ಟೆ.

ಹಾಯಿ, ರಿಗ್ಗಿಂಗ್ (ಹಾಯಿ ಹಿಡಿದಿಡುವ ಕಂಬ, ಹಗ್ಗ, ತಂತಿ) ಕೆಲಸದವರಿಗಾಗಿ ದೋಣಿ ನಿಲ್ಲಿಸುವ ಯಾರ್ಡ್‌ನಲ್ಲಿ ಅಕ್ಕಪಕ್ಕದ ದೋಣಿಯವರನ್ನು ವಿಚಾರಿಸಿ. "ಮತ್ತೆ ಅವರನ್ನೇ ಕರೆಸುತ್ತೀರಾ?" ಎಂದು ಕೇಳಿ, ಅಷ್ಟು ಸಾಕು. ವೈರಿಂಗ್‌ಗೆ ಮಾತ್ರ ಬರೀ ಮನೆ ಕೆಲಸ ಮಾಡಿ ಗೊತ್ತಿರುವವರನ್ನು ಕರೆಸಬೇಡಿ. ಉಪ್ಪುಗಾಳಿಗೆ ತವರ ಲೇಪಿಸಿದ ತಾಮ್ರದ ತಂತಿಯೇ ಬಾಳಿಕೆ ಬರುವುದು.