ಸ್ಟೋರೇಜಿಗೆ ಸಾಮಾನು ಹಾಕುವ ಮೊದಲು

ತಮ್ಮಾ, ಆಗಸ್ಟ್ ಕೊನೆಗೆ ಹ್ಯೂಸ್ಟನ್ನಿನ ಮನೆಯ ಲೀಸ್ ಮುಗಿಯುತ್ತದೆ, ಕಂಪನಿಯವರು ಐದು ತಿಂಗಳಿಗೆ ಬೇರೆ ರಾಜ್ಯಕ್ಕೆ ಕಳಿಸುತ್ತಾರೆ, ಹೆಂಡತಿ ಬಾಣಂತನಕ್ಕೆ ನಮ್ಮ ಕಾಸರಗೋಡಿನ ನೀರ್ಚಾಲಿನ ತಾಯಿಮನೆಗೆ ಹೋಗುತ್ತಾಳೆ. ಸಾಮಾನೆಲ್ಲ ಮಾರುವುದಾ, ಸ್ಟೋರೇಜ್ ಯೂನಿಟ್ (ಸಾಮಾನಿಡಲು ಬಾಡಿಗೆಗೆ ಸಿಗುವ ಕೋಣೆ) ಹಿಡಿಯುವುದಾ ಎಂದು ಕೇಳಿದ್ದೀಯಲ್ಲ. ಯೂನಿಟ್ ಹಿಡಿ, ಆದರೆ ಚಿಕ್ಕದು ಹಿಡಿ. ಹಳೆ ಸೋಫಾ, ಅಗ್ಗದ ಮೇಜು ಇಂಥದ್ದನ್ನೆಲ್ಲ ಈಗಲೇ ಯಾರಿಗಾದರೂ ಕೊಟ್ಟುಬಿಡು. ಅವನ್ನು ಐದು ತಿಂಗಳು ಇಡುವ ಬಾಡಿಗೆಗೆ ಬೇರೆಯದೇ ಸಿಗುತ್ತದೆ.

ಒಂದು ಬೆಡ್‌ರೂಮಿನ ಮನೆಯ ಪೂರ್ತಿ ಸಾಮಾನಿಗೆ 10 ಅಡಿ ಉದ್ದ 10 ಅಡಿ ಅಗಲದ ಯೂನಿಟ್ ಬೇಕಾಗುತ್ತದೆ. ನಿನಗೆ ಅದರ ಅರ್ಧ, 5 ಅಡಿ ಅಗಲದ್ದು ಸಾಕು. ಮೊದಲ ತಿಂಗಳು ತೀರಾ ಕಡಿಮೆ ಬಾಡಿಗೆ ಹೇಳಿ ಆಮೇಲೆ ಏರಿಸುವುದು ಇಲ್ಲಿ ಸಾಮಾನ್ಯ. ಕರಾರು ತಿಂಗಳಿಂದ ತಿಂಗಳಿಗೆ ಇರುತ್ತದೆ, ಹಾಗಾಗಿ ಮೂರನೇ ತಿಂಗಳಿಗೆ ಎಷ್ಟಾಗಬಹುದು ಎಂದು ಸಹಿ ಹಾಕುವ ಮೊದಲೇ ಕೇಳು.

ಹಣ ಉಳಿಸಬಾರದ ಜಾಗ ಒಂದೇ. ಎಸಿ ಇರುವ ಕಟ್ಟಡದ ಒಳಗಿನ ಯೂನಿಟ್ಟನ್ನೇ ತೆಗೆದುಕೋ, ಹೊರಗಿನ ತಗಡಿನ ಬಾಗಿಲಿನದ್ದು ಬೇಡ. ಹ್ಯೂಸ್ಟನ್ನಿನ ತೇವ ನಮ್ಮ ಮಳೆಗಾಲದ ಆಟಿ ತಿಂಗಳಿನದ್ದಕ್ಕೆ ಏನೂ ಕಡಿಮೆ ಇಲ್ಲ, ಮೇಲಿಂದ ಬಿಸಿ ಬೇರೆ. ನೆಲಮಹಡಿಯೂ ಬೇಡ. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಬಂದಾಗ ಈ ಊರಿನ ಎಷ್ಟೋ ಕಡೆ ನೀರು ನುಗ್ಗಿತ್ತು. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರ ವರೆಗೆ, ನೀನು ಸಾಮಾನು ಇಡುವುದು ಅದರ ನಡುವಿನಲ್ಲಿ. ವಿಮೆ ಮಾಡಿಸು; ಆದರೆ ಇಂಥ ಪಾಲಿಸಿಗಳಲ್ಲಿ ಪ್ರವಾಹದ ಹಾನಿ ಹೆಚ್ಚಾಗಿ ಸೇರಿರುವುದಿಲ್ಲ, ಓದಿ ನೋಡು. ಲಿಫ್ಟ್ ಇರುವ ಕಟ್ಟಡದ ಎರಡನೇ ಮಹಡಿ ಸಿಕ್ಕಿದರೆ ಬಿಡಬೇಡ.

ಇನ್ನು ತುಂಬಿಸುವ ವಿಷಯ. ಊರಿನಲ್ಲಿ ಅಡಿಕೆ ಸರಿಯಾಗಿ ಒಣಗದೆ ಯಾರೂ ಗೋಣಿಗೆ ತುಂಬಿಸುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಉರುಳಿ, ದೀಪ ಇತ್ಯಾದಿ ಹಿತ್ತಾಳೆಯದ್ದನ್ನು ತೊಳೆದು ಒಂದು ದಿನ ಫ್ಯಾನಿನ ಕೆಳಗಿಟ್ಟು ಆಮೇಲೆ ಹತ್ತಿಬಟ್ಟೆಯಲ್ಲಿ ಸುತ್ತು. ಮಿಕ್ಸಿ ಜಾರಿನ ಮುಚ್ಚಳ ಬಿಗಿ ಮಾಡಬೇಡ. ಸಣ್ಣ ಫ್ರಿಜ್ ಇಡುವುದಾದರೆ ಎರಡು ದಿನ ಮೊದಲೇ ಆಫ್ ಮಾಡಿ ಒರೆಸಿ, ಬಾಗಿಲು ಪೂರ್ತಿ ಮುಚ್ಚದ ಹಾಗೆ ನಡುವೆ ಬಟ್ಟೆ ಸಿಕ್ಕಿಸು. ಇಲ್ಲದಿದ್ದರೆ ಒಳಗೆಲ್ಲ ಬೂಸರು ಹಿಡಿಯುತ್ತದೆ. ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬಾರದು, ಹಳೆ ಪಂಚೆಯಲ್ಲಿ ಸುತ್ತಿದರೆ ಗಾಳಿಯಾಡುತ್ತದೆ.

ಪುಸ್ತಕ ಸಣ್ಣ ಪೆಟ್ಟಿಗೆಗೆ, ಬಟ್ಟೆ ದೊಡ್ಡ ಪೆಟ್ಟಿಗೆಗೆ. ಕೆಳಗೆ ಮರದ ಪ್ಯಾಲೆಟ್ ಹಾಕು, ಗೋಡೆಗೆ ತಾಗಿಸಬೇಡ, ಒಬ್ಬ ನಡೆಯುವಷ್ಟು ದಾರಿ ಬಿಡು. ಒಳಗೆ ಏನಿದೆ ಎಂದು ಪೆಟ್ಟಿಗೆಯ ಬದಿಯಲ್ಲಿ ಬರೆ, ಮೇಲೆ ಬರೆದರೆ ಇನ್ನೊಂದು ಪೆಟ್ಟಿಗೆ ಕುಳಿತ ಕೂಡಲೇ ಕಾಣುವುದಿಲ್ಲ. ಬಾಗಿಲಿನ ಹತ್ತಿರ ಏನಿರಬೇಕೆಂದು ಹೆಂಡತಿಯನ್ನು ಕೇಳಿ ನಿರ್ಧರಿಸು. ಎಳೆಮಗುವನ್ನು ಎತ್ತಿಕೊಂಡು ಬರುವವಳಿಗೆ ಮೊದಲ ದಿನವೇ ಕುಕ್ಕರ್, ದೋಸೆ ಕಾವಲಿ, ಕಂಬಳಿ, ಎರಡು ಬಟ್ಟಲು ಕೈಗೆ ಸಿಗಬೇಕು. ಈ ಪೆಟ್ಟಿಗೆ ಎಲ್ಲಕ್ಕಿಂತ ಕೊನೆಗೆ ಒಳಗೆ ಹೋಗಲಿ.

ತಿನ್ನುವ ವಸ್ತು ಒಂದು ಚೂರೂ ಇಡಬಾರದು. ಅಮ್ಮ ಕಳಿಸಿದ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಬಿಚ್ಚದ ಪ್ಯಾಕೆಟ್ ಕೂಡ ಬೇಡ, ಜಿರಳೆ ಇಲಿಗಳಿಗೆ ವಾಸನೆ ಸಾಕು. ಕರಾರಿನಲ್ಲೂ ಅದಕ್ಕೆ ನಿಷೇಧ ಉಂಟು. ಗ್ಯಾಸ್ ಸಿಲಿಂಡರ್, ಪೇಂಟ್ ಇಂಥವಕ್ಕೂ ಅದೇ ನಿಯಮ.

ಪಾಸ್‌ಪೋರ್ಟ್, ವೀಸಾ ಕಾಗದ, ಚಿನ್ನ ನಿಮ್ಮ ಜೊತೆಯಲ್ಲೇ ಇರಲಿ. ಎಸ್ಸೆಸ್ಸೆಲ್ಸಿ ಪುಸ್ತಕವೂ ಅಷ್ಟೆ. ಕನ್ನಡ ಮಾಧ್ಯಮದಲ್ಲಿ ಓದಿದರೂ ನಮ್ಮದು ಕೇರಳದ ಸರ್ಟಿಫಿಕೇಟ್; ಕಳೆದುಹೋದರೆ ನಕಲಿಗೆ ತಿರುವನಂತಪುರದ ಪರೀಕ್ಷಾ ಭವನದವರೇ ಗತಿ. ಇಲ್ಲಿಂದ ಆ ಓಡಾಟ ಯಾರಿಗೂ ಬೇಡ. ನಿನ್ನ ಮದ್ದಳೆಯನ್ನಂತೂ ಯೂನಿಟ್ಟಿಗೆ ಹಾಕಲು ನಾನು ಬಿಡುವುದಿಲ್ಲ ಮಾರಾಯ. ಚರ್ಮ, ಮರ ಎರಡೂ ಹವೆ ಬದಲಾದ ಹಾಗೆ ಎಳೆದುಕೊಳ್ಳುತ್ತವೆ, ಸಡಿಲಾಗುತ್ತವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಿಂದ ಇಷ್ಟು ದೂರ ಹೊತ್ತು ತಂದದ್ದು ಅದು. ನಮ್ಮ ಮನೆಗೆ ತಂದಿಡು, ನನ್ನ ಮಗನೂ ಕೈ ಆಡಿಸಿದ ಹಾಗಾಗುತ್ತದೆ.

ಬಾಡಿಗೆ ತಪ್ಪಿದರೆ ಟೆಕ್ಸಸ್ ಕಾನೂನಿನ ಪ್ರಕಾರ ನೋಟಿಸ್ ಕೊಟ್ಟು ಸಾಮಾನನ್ನು ಹರಾಜು ಹಾಕುವ ಹಕ್ಕು ಸ್ಟೋರೇಜಿನವರಿಗೆ ಉಂಟು. ಕಾರ್ಡಿನಿಂದ ತಾನಾಗಿ ಕಟ್ಟುವ ವ್ಯವಸ್ಥೆ ಮಾಡು, ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ ಎಂದು ನೋಡು, ಹೊಸ ರಾಜ್ಯದ ವಿಳಾಸವನ್ನು ಬರೆದುಕೊಡು. ಬೀಗದ ಒಂದು ಕೀ ನನ್ನ ಹತ್ತಿರ ಇರಲಿ, ಜೊತೆಗೆ ಕರಾರಿನಲ್ಲಿ ನನ್ನ ಹೆಸರನ್ನೂ ಸೇರಿಸು. ಹೆಸರಿಲ್ಲದಿದ್ದರೆ ಕೀ ಇದ್ದರೂ ಒಳಗೆ ಬಿಡುವುದಿಲ್ಲ. ಸಪ್ಟೆಂಬರಿನಲ್ಲಿ ಮಳೆ ಜೋರಾದರೆ ನಾನೇ ಹೋಗಿ ನೋಡಿ ಫೋಟೋ ಕಳಿಸುತ್ತೇನೆ.